ಶಿವಗಂಗೆಯ ವೋಟು, ವಿಧಾನಸೌಧದ ಕಡತ

ಶಿವಗಂಗೆ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ಊರು. ಗಂಗಾಧರೇಶ್ವರ, ಹೊನ್ನಾದೇವಿ, ಪಾತಾಳಗಂಗೆ, ಒಳಕಲ್ಲು ತೀರ್ಥ ಇವೆಲ್ಲ ನಾಡಿನ ಭಕ್ತರಿಗೆ ಗೊತ್ತಿರುವ ಹೆಸರುಗಳು. ಸಂಕ್ರಾಂತಿಯಲ್ಲಿ ಬೆಟ್ಟದ ತುದಿಯ ತೀರ್ಥೋದ್ಭವಕ್ಕೆ, ಗಿರಿಜಾ ಕಲ್ಯಾಣಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಈ ಊರಿನ ದೇವರ ಬಗ್ಗೆ, ಹೊಯ್ಸಳ ರಾಣಿ ಶಾಂತಲೆ ಇಲ್ಲಿ ತೀರಿಕೊಂಡ ಬಗ್ಗೆ ಬಾನುಲಿಯಲ್ಲಿ ಎಷ್ಟೋ ಮಾತುಗಳು ಆಗಿವೆ. ಇವತ್ತು ನಾನು ಹೇಳಹೊರಟಿರುವುದು ಇದೇ ಊರಿನ ವೋಟಿನ ವಿಷಯ. ಆ ವೋಟು ಪಡೆದು ವಿಧಾನಸಭೆಗೆ ಹೋದವರ ಲೆಕ್ಕ ಎಲ್ಲಿ ಬರೆದಿಟ್ಟಿರುತ್ತದೆ, ಅದನ್ನು ನಾವು ಹೇಗೆ ಓದಬೇಕು ಎಂಬುದು.

ಒಬ್ಬ ಶಾಸಕರ ಬಗ್ಗೆ ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು, ‘ಅವರು ಎರಡು ಸಲ ಗೆದ್ದವರು’, ‘ಅವರು ಒಂದು ಸಲ ಸೋತು ಆಮೇಲೆ ಗೆದ್ದರು’ ಎಂದು. ಪತ್ರಿಕೆಗಳು ಬರೆಯುವುದೂ ಹಾಗೆಯೇ. ಇಂಥ ವರ್ಷ ಇಂಥ ಪಕ್ಷ, ಇಷ್ಟು ಮತ, ಇಷ್ಟು ಅಂತರ. ಈ ಲೆಕ್ಕ ಸುಳ್ಳಲ್ಲ. ಆದರೆ ಶಿವಗಂಗೆ ಬೆಟ್ಟ ಒಂದು ದಿಕ್ಕಿನಿಂದ ನಂದಿಯಂತೆ, ಇನ್ನೊಂದು ದಿಕ್ಕಿನಿಂದ ಗಣಪತಿಯಂತೆ, ಮತ್ತೊಂದು ಕಡೆಯಿಂದ ಲಿಂಗದಂತೆ, ಹೆಡೆಯೆತ್ತಿದ ಹಾವಿನಂತೆ ಕಾಣುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಶಾಸಕರ ದಾಖಲೆಯೂ ನಿಂತು ನೋಡುವ ಜಾಗದ ಮೇಲಿದೆ. ನಾವು ಒಂದೇ ಕಡೆ ನಿಂತು ನೋಡುವುದು ಹೆಚ್ಚಾಗಿದೆ ಎಂಬುದು ನನ್ನ ಕಳವಳ.

ನಮ್ಮ ಕ್ಷೇತ್ರದಿಂದಲೇ ಹಿಡಿಯೋಣ. ನೆಲಮಂಗಲ ವಿಧಾನಸಭಾ ಕ್ಷೇತ್ರದ ಕ್ರಮಸಂಖ್ಯೆ 181. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಂದರೆ ವೋಟು ಹಾಕುವವರು ಎಲ್ಲ ಜಾತಿ, ಎಲ್ಲ ಧರ್ಮದವರು. ಉಮೇದುವಾರರು ಮಾತ್ರ ಪರಿಶಿಷ್ಟ ಜಾತಿಗೆ ಸೇರಿದವರಾಗಿರಬೇಕು. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಇಂಥವು 36, ಪರಿಶಿಷ್ಟ ಪಂಗಡಕ್ಕೆ ಮೀಸಲಾದವು 15. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ನೆಲಮಂಗಲ, ದೇವನಹಳ್ಳಿ ಎರಡೂ ಮೀಸಲು. ದೊಡ್ಡಬಳ್ಳಾಪುರ, ಹೊಸಕೋಟೆ ಸಾಮಾನ್ಯ.

ಇಲ್ಲೊಂದು ವಿಚಿತ್ರವನ್ನು ಹೇಳಿ ಮುಂದೆ ಹೋಗುತ್ತೇನೆ. 2008ರಲ್ಲಿ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದಾಗ ಈ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರಿನ ಲೋಕಸಭಾ ಕ್ಷೇತ್ರ ಬೇರೆಯೇ ಇದೆ. ಅದರಲ್ಲಿ ಕುಣಿಗಲ್, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ಆನೇಕಲ್ ಇವೆಲ್ಲ ಇವೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕೂ ಇಲ್ಲ. ಶಿವಗಂಗೆಯ ಮತದಾರರು ತಮ್ಮ ಸಂಸದರ ಹೆಸರು ಹೇಳುವಾಗ ತಡವರಿಸಿದರೆ ತಪ್ಪು ಅವರದಲ್ಲ.

ಹೊಸ ಗಡಿ ಬಂದ ಮೇಲೆ ನೆಲಮಂಗಲ ನಾಲ್ಕು ಚುನಾವಣೆಗಳನ್ನು ಕಂಡಿದೆ. 2008ರಲ್ಲಿ ಭಾರತೀಯ ಜನತಾ ಪಕ್ಷದ ಎಂ.ವಿ. ನಾಗರಾಜು ಗೆದ್ದರು. 2013ರಲ್ಲಿ ಜಾತ್ಯತೀತ ಜನತಾದಳದ ಡಾ. ಕೆ. ಶ್ರೀನಿವಾಸಮೂರ್ತಿ. 2018ರಲ್ಲಿ ಮತ್ತೆ ಅವರೇ. 2023ರಲ್ಲಿ ಕಾಂಗ್ರೆಸ್ಸಿನ ಎನ್. ಶ್ರೀನಿವಾಸಯ್ಯ. ಹದಿನೈದು ವರ್ಷಗಳಲ್ಲಿ ಮೂರು ಪಕ್ಷಗಳಿಗೂ ಇಲ್ಲಿನ ಜನ ಅವಕಾಶ ಕೊಟ್ಟಿದ್ದಾರೆ. ಯಾವ ಪಕ್ಷವೂ ಈ ಕ್ಷೇತ್ರ ತನ್ನ ಹಿತ್ತಲು ಎಂದು ಹೇಳಿಕೊಳ್ಳುವಂತಿಲ್ಲ. ನನಗೆ ಇದು ಆರೋಗ್ಯದ ಲಕ್ಷಣವಾಗಿ ಕಾಣುತ್ತದೆ.

ಇನ್ನು ಡಾ. ಶ್ರೀನಿವಾಸಮೂರ್ತಿಯವರ ದಾಖಲೆಯನ್ನೇ ಸ್ವಲ್ಪ ನಿಧಾನವಾಗಿ ಓದೋಣ. ಅವರನ್ನು ಹೊಗಳುವುದೂ ತೆಗಳುವುದೂ ನನ್ನ ಕೆಲಸವಲ್ಲ; ದಾಖಲೆ ಓದುವುದಕ್ಕೆ ನಮ್ಮ ಊರಿನದೇ ಉದಾಹರಣೆ ಬೇಕು, ಅದಕ್ಕಾಗಿ. ಪತ್ರಿಕೆಯ ಒಂದು ಸಾಲಿನಲ್ಲಿ ಅದು ‘ಎರಡು ಗೆಲುವು, ಒಂದು ಸೋಲು’ ಎಂದು ಮುಗಿದುಹೋಗುತ್ತದೆ. ಆ ಹತ್ತು ವರ್ಷಗಳ ಪಕ್ಕದಲ್ಲಿ ರಾಜ್ಯದ ಲೆಕ್ಕ ಇಟ್ಟು ನೋಡಿ.

2013ರ ಮೇ 5ರಂದು ಮತದಾನ ನಡೆಯಿತು. ರಾಜ್ಯದಲ್ಲಿ ಕಾಂಗ್ರೆಸ್ 122 ಸ್ಥಾನ ಗೆದ್ದು ಸರ್ಕಾರ ಮಾಡಿತು. ಜನತಾದಳಕ್ಕೆ 40. ಅಂದರೆ ನೆಲಮಂಗಲದ ಶಾಸಕರು ಐದು ವರ್ಷವೂ ವಿರೋಧ ಪಕ್ಷದ ಸಾಲಿನಲ್ಲಿ ಕೂತರು. 2018ರ ಮೇ 12ರ ಚುನಾವಣೆಯಲ್ಲಿ ಜನತಾದಳಕ್ಕೆ ಬಂದದ್ದು 37 ಸ್ಥಾನ. ಆದರೂ ಯಾರಿಗೂ ಬಹುಮತ ಇಲ್ಲದ ಕಾರಣ ಮೇ 23ರಂದು ಎಚ್.ಡಿ. ಕುಮಾರಸ್ವಾಮಿಯವರು ಕಾಂಗ್ರೆಸ್ ಜೊತೆಗೂಡಿ ಮುಖ್ಯಮಂತ್ರಿಯಾದರು. ಆಗ ಮೊದಲ ಸಲ ನೆಲಮಂಗಲದ ಈ ಶಾಸಕರು ಆಡಳಿತ ಪಕ್ಷದವರಾದರು. ಎಷ್ಟು ದಿನ? 2019ರ ಜುಲೈ 23ರಂದು ವಿಶ್ವಾಸಮತ ಯಾಚನೆಯಲ್ಲಿ ಪರವಾಗಿ 99, ವಿರುದ್ಧವಾಗಿ 105 ಮತ ಬಿದ್ದು ಸರ್ಕಾರ ಹೋಯಿತು. ಹದಿನಾಲ್ಕು ತಿಂಗಳು ಅಷ್ಟೇ. ಮತ್ತೆ ವಿರೋಧ ಪಕ್ಷದ ಸಾಲು.

ಹತ್ತು ವರ್ಷಗಳ ಶಾಸಕತ್ವದಲ್ಲಿ ಹದಿನಾಲ್ಕು ತಿಂಗಳು ಆಡಳಿತದ ಕಡೆ, ಉಳಿದದ್ದೆಲ್ಲ ವಿರೋಧದ ಕಡೆ. ನಮ್ಮೂರ ರಸ್ತೆ ಏಕೆ ಆಗಲಿಲ್ಲ, ನಮ್ಮ ಕೆರೆಗೆ ನೀರು ಏಕೆ ಬರಲಿಲ್ಲ ಎಂದು ಕೇಳುವ ಹಕ್ಕು ನಮಗೆ ಪೂರ್ತಿ ಇದೆ. ಆದರೆ ಕೇಳುವಾಗ ಈ ಲೆಕ್ಕ ನಮ್ಮ ಕೈಯಲ್ಲಿರಬೇಕು. ವಿರೋಧ ಪಕ್ಷದ ಶಾಸಕರಿಂದ ನಾವು ನಿರೀಕ್ಷಿಸಬೇಕಾದದ್ದು ಒಂದು ಬಗೆ, ಆಡಳಿತ ಪಕ್ಷದ ಶಾಸಕರಿಂದ ನಿರೀಕ್ಷಿಸಬೇಕಾದದ್ದು ಇನ್ನೊಂದು ಬಗೆ. ವಿರೋಧ ಪಕ್ಷದವರ ಕೈಯಲ್ಲಿ ಇಲಾಖೆ ಇರುವುದಿಲ್ಲ, ಪ್ರಶ್ನೆ ಇರುತ್ತದೆ. ಹಾಗಾದರೆ ಅವರು ಎಷ್ಟು ಪ್ರಶ್ನೆ ಕೇಳಿದರು, ಯಾವ ಪ್ರಶ್ನೆ ಕೇಳಿದರು ಎಂಬುದೇ ಅವರ ದಾಖಲೆ. ಆಡಳಿತ ಪಕ್ಷದವರಾದರೆ ಮಂತ್ರಿಗಳ ಬಾಗಿಲು ತಟ್ಟಿ ಏನು ತಂದರು ಎಂದು ನೋಡಬೇಕು. ಅದರ ಜೊತೆಗೆ ತಮ್ಮದೇ ಸರ್ಕಾರ ತಪ್ಪಿದಾಗ ಎದ್ದು ನಿಂತರೋ ಇಲ್ಲವೋ ಎಂಬುದನ್ನೂ ನೋಡಬೇಕು.

2019ರ ಆ ಬೇಸಿಗೆ, ಮಳೆಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಾಂಗ್ರೆಸ್, ಜನತಾದಳ ಎರಡೂ ಪಕ್ಷಗಳ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಆಗಿನ ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ಒಟ್ಟು 17 ಮಂದಿಯನ್ನು ಅನರ್ಹಗೊಳಿಸಿದರು. ಅವರಲ್ಲಿ ಮೂವರು ಜನತಾದಳದವರು. ನೆಲಮಂಗಲದ ಶಾಸಕರು ಆ ಪಟ್ಟಿಯಲ್ಲಿ ಇರಲಿಲ್ಲ. ಯಾವ ಚಿಹ್ನೆಯ ಮೇಲೆ ಜನ ವೋಟು ಹಾಕಿದ್ದರೋ ಆ ಚಿಹ್ನೆಯಲ್ಲೇ ಅವಧಿ ಮುಗಿಸಿ, 2023ರಲ್ಲಿ ಅದೇ ಪಕ್ಷದಿಂದ ನಿಂತು, ಸೋತರು. ಆ ವರ್ಷ ರಾಜ್ಯದಲ್ಲಿ ಜನತಾದಳ 37ರಿಂದ 19ಕ್ಕೆ ಇಳಿಯಿತು, ಕಾಂಗ್ರೆಸ್ 135 ಗೆದ್ದಿತು. ಆ ಸೋಲಿನಲ್ಲಿ ಅವರ ಪಾಲೆಷ್ಟು, ರಾಜ್ಯದಲ್ಲೆಲ್ಲ ಬೀಸಿದ ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ‘ಸೋತರು’ ಎಂಬ ಒಂದೇ ಪದ ಅದನ್ನೆಲ್ಲ ಹೇಳುವುದಿಲ್ಲ. ಕೊಟ್ಟ ಚಿಹ್ನೆಗೆ ಐದು ವರ್ಷ ನಿಂತದ್ದನ್ನು ಗೆಲುವು ಸೋಲಿನ ಕೋಷ್ಟಕದಲ್ಲಿ ಬರೆಯಲು ಅಂಕಣವೇ ಇಲ್ಲ. ಮತದಾರರಾದರೂ ಅದನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಈ ಮಾತಿಗೆ ಎದುರಾಗಿ ನಮ್ಮ ಜಿಲ್ಲೆಯ ಇನ್ನೊಂದು ತುದಿಯನ್ನು ನೋಡಿ. ಹೊಸಕೋಟೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ 98,824 ಮತ ಪಡೆದು, ಭಾರತೀಯ ಜನತಾ ಪಕ್ಷದ ಶರತ್ ಬಚ್ಚೇಗೌಡರನ್ನು 7,597 ಮತಗಳಿಂದ ಸೋಲಿಸಿದರು. ಮಂತ್ರಿಯೂ ಆದರು. ಮರುವರ್ಷ ರಾಜೀನಾಮೆ ಕೊಟ್ಟವರಲ್ಲಿ ಅವರೂ ಒಬ್ಬರು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್ 5ರಂದು ಮತದಾನ. ಈಗ ಚಿಹ್ನೆಗಳು ಅದಲುಬದಲು. ಹಿಂದೆ ಕಾಂಗ್ರೆಸ್ಸಿನಲ್ಲಿದ್ದ ನಾಗರಾಜ್ ಕಮಲದ ಗುರುತಿಗೆ ಬಂದರು. ಹಿಂದೆ ಕಮಲದ ಗುರುತಿನಲ್ಲಿದ್ದ ಶರತ್ ಪಕ್ಷ ಬಿಟ್ಟು ಪಕ್ಷೇತರರಾಗಿ ಕುಕ್ಕರ್ ಗುರುತಿಗೆ ನಿಂತರು. ಹದಿನೆಂಟು, ಹತ್ತೊಂಬತ್ತು ತಿಂಗಳ ಹಿಂದೆ ಇವರಿಬ್ಬರನ್ನೇ ತೂಗಿ ನೋಡಿದ್ದ ಅದೇ ಮತದಾರರು ಈ ಸಲ ಶರತ್‌ಗೆ 81,671 ಮತ, ನಾಗರಾಜ್‌ಗೆ 70,185 ಮತ ಕೊಟ್ಟರು. ಅಂತರ 11,486. ಆ ದಿನ ರಾಜ್ಯದಲ್ಲಿ ಉಪಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ 12ನ್ನು ಭಾರತೀಯ ಜನತಾ ಪಕ್ಷವೇ ಗೆದ್ದಿತು. ಪಕ್ಷೇತರ ಗೆದ್ದದ್ದು ಹೊಸಕೋಟೆಯಲ್ಲಿ ಮಾತ್ರ. ಮುಂದೆ 2023ರಲ್ಲಿ ಶರತ್ ಕಾಂಗ್ರೆಸ್ಸಿನಿಂದ ಗೆದ್ದರು.

ಅಂದರೆ ಹೊಸಕೋಟೆಯವರ ವೋಟಿನ ಇತಿಹಾಸ ಓದುವಾಗ ಪಕ್ಷದ ಅಂಕಣವನ್ನು ಬೆರಳಿಂದ ಮುಚ್ಚಿಕೊಂಡು ಹೆಸರಿನ ಅಂಕಣವನ್ನು ಓದಬೇಕು. ನೆಲಮಂಗಲದಲ್ಲಿ ಎರಡನ್ನೂ ಒಟ್ಟಿಗೆ ಓದಬೇಕು. ಒಂದೇ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ.

ದೇವನಹಳ್ಳಿಯದು ಮತ್ತೊಂದು ಬಗೆ. 1991ರಿಂದ 2014ರವರೆಗೆ ಕೋಲಾರದಿಂದ ಸತತ ಏಳು ಸಲ ಲೋಕಸಭೆಗೆ ಗೆದ್ದು, ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದ ಕೆ.ಎಚ್. ಮುನಿಯಪ್ಪನವರು 2019ರಲ್ಲಿ ಕೋಲಾರದಲ್ಲಿ ಸೋತು, 2023ರಲ್ಲಿ ದೇವನಹಳ್ಳಿಯ ಶಾಸಕರಾಗಿ ಬಂದು ರಾಜ್ಯದ ಆಹಾರ ಸಚಿವರಾದರು. ಇದಕ್ಕೆ ಸರಿಯಾಗಿ ಉಲ್ಟಾ ದಾರಿಯಲ್ಲಿ ನಡೆದವರು ದೊಡ್ಡಬಳ್ಳಾಪುರದ ಆರ್.ಎಲ್. ಜಾಲಪ್ಪ. ತೂಬಗೆರೆಯವರು. ಸಹಕಾರ ಕ್ಷೇತ್ರದಿಂದ ಬಂದು, ದೊಡ್ಡಬಳ್ಳಾಪುರದ ಶಾಸಕರಾಗಿ, ರಾಜ್ಯದಲ್ಲಿ ಮಂತ್ರಿಯಾಗಿ, ಆಮೇಲೆ 1996, 1998, 1999, 2004 ಹೀಗೆ ನಾಲ್ಕು ಸಲ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಹೋದರು. ದೇವೇಗೌಡ, ಗುಜ್ರಾಲ್ ಸರ್ಕಾರಗಳಲ್ಲಿ ಜವಳಿ ಸಚಿವರಾಗಿದ್ದರು. ನೇಕಾರರ ಊರಿನವರು ಜವಳಿ ಸಚಿವರಾದದ್ದು ದೊಡ್ಡಬಳ್ಳಾಪುರದ ಹಿರಿಯರಿಗೆ ಈಗಲೂ ನೆನಪಿದೆ. 2021ರ ಡಿಸೆಂಬರಿನಲ್ಲಿ ತೊಂಬತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು. ಕೋಲಾರದ ಟಮಕದಲ್ಲಿ ಅವರು ಕಟ್ಟಿದ ವೈದ್ಯಕೀಯ ಕಾಲೇಜಿಗೆ ತಮ್ಮ ಹೆಸರಿಡದೆ ದೇವರಾಜ ಅರಸರ ಹೆಸರಿಟ್ಟರು. ಆ ಹೆಸರನ್ನು ನಾನು ಬೇಕೆಂದೇ ಎತ್ತಿದೆ. ಇನ್ನೊಬ್ಬ ಶಾಸಕರ ಕಥೆ ಹೇಳಲು ಅದು ಬೇಕು.

ಆ ಶಾಸಕರು ನಮ್ಮ ಕಡೆಯವರಲ್ಲ, ಮಲೆನಾಡಿನವರು. ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ಜೊತೆ ನಿಂತವರು. ಕಾಗೋಡಿನ ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು; ಉತ್ತವನ ಕಣಜದಿಂದ ಪ್ರತಿ ಅಳತೆಯಲ್ಲೂ ಒಂದಿಷ್ಟು ಭತ್ತ ಹೆಚ್ಚಾಗಿ ಹೋಗುತ್ತಿತ್ತು. ಸರಿಯಾದ ಅಳತೆಯ ಕೊಳಗ ಬೇಕು ಎಂದದ್ದಕ್ಕೆ ಜಮೀನು ಬಿಡಿಸಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಬಂದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಒಂದು ಅಳತೆಯ ಪಾತ್ರೆ ನಾಡಿನ ರಾಜಕೀಯವನ್ನು ಬದಲಿಸಿದ ಕಥೆ ಅದು.

ಮರುವರ್ಷ ಮೊದಲ ಸಾರ್ವತ್ರಿಕ ಚುನಾವಣೆ. ಗೋಪಾಲಗೌಡರು ಸಾಗರ ಹೊಸನಗರದ ಕಡೆಯಿಂದ ನಿಂತರು. ಕೈಯಲ್ಲಿ ಕಾಸಿರಲಿಲ್ಲ. ‘ಒಂದು ವೋಟು, ಒಂದು ನೋಟು’ ಎಂದು ಜನರನ್ನೇ ಕೇಳಿದರು. ವೋಟಿನ ಜೊತೆ ಒಂದು ರೂಪಾಯಿ ನೋಟನ್ನೂ ಕೊಟ್ಟು ಜನ ಗೆಲ್ಲಿಸಿದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ ತುಂಬುವುದರಲ್ಲಿತ್ತು. ಮೈಸೂರು ವಿಧಾನಸಭೆಯಲ್ಲಿ ಒಟ್ಟು 99 ಸ್ಥಾನ, ಕಾಂಗ್ರೆಸ್ಸಿನವರು 74. ಸಮಾಜವಾದಿಗಳು ಮೂವರು. ಮೂರು ಜನ ಕೈಯೆತ್ತಿದರೆ ಯಾವ ಮಸೂದೆಯೂ ಬೀಳುವುದಿಲ್ಲ, ಯಾವ ಮಸೂದೆಯೂ ಏಳುವುದಿಲ್ಲ.

1957ರಲ್ಲಿ ಗೋಪಾಲಗೌಡರು ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಮೂರು ಗೆಲುವು, ನಡುವೆ ಒಂದು ಸೋಲು, ಮಂತ್ರಿ ಪದವಿ ಇಲ್ಲ, ಆಡಳಿತ ಪಕ್ಷದಲ್ಲಿ ಒಂದು ದಿನವೂ ಇಲ್ಲ. ಗೆಲುವಿನ ಸಂಖ್ಯೆಯನ್ನೇ ಹಿಡಿದು ನೋಡಿದರೆ ಇವರಿಗಿಂತ ಮೇಲಿನವರು ನೂರಾರು ಮಂದಿ ಇದ್ದಾರೆ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರವರೆಗೆ ಒಂದೂ ಸೋಲಿಲ್ಲದೆ ಒಂಬತ್ತು ಸಲ ವಿಧಾನಸಭೆಗೆ ಗೆದ್ದವರು. ಅದು ದೊಡ್ಡ ಸಾಧನೆ, ಒಪ್ಪೋಣ. ಗೋಪಾಲಗೌಡರದು ಬೇರೆ ಜಾತಿಯ ದಾಖಲೆ. ಅವರು ಸದನದಲ್ಲಿ ಉಳುವವನಿಗೆ ಭೂಮಿ ಎಂದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕು ಎಂದರು. ಕನ್ನಡನಾಡಿನ ಸದನದಲ್ಲಿ ರಾಜ್ಯಪಾಲರು ಇಂಗ್ಲಿಷಿನಲ್ಲಿ ಭಾಷಣ ಓದುವುದನ್ನು ಎದ್ದು ನಿಂತು ವಿರೋಧಿಸಿದರು. ಆಗ ಇದೆಲ್ಲ ಕೆಲವರಿಗೆ ಗಲಾಟೆಯಾಗಿ ಕಂಡಿತು.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದು ಗೇಣಿದಾರರು ಭೂಮಾಲೀಕರಾದರು. ಇವೆರಡನ್ನೂ ಮಾಡಿದ್ದು ದೇವರಾಜ ಅರಸರ ಸರ್ಕಾರ. ಆ ಕೀರ್ತಿ ಅವರಿಗೇ ಸಲ್ಲಬೇಕು. ಆದರೆ ಈ ಮಾತುಗಳನ್ನು ಸದನದ ಕಡತದಲ್ಲಿ ವರ್ಷಗಳ ಕಾಲ ಮತ್ತೆ ಮತ್ತೆ ಬರೆಸಿದವರು ಆಗ ಬದುಕಿರಲಿಲ್ಲ. ಗೋಪಾಲಗೌಡರ ಗರಡಿಯಲ್ಲಿ ಬೆಳೆದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಖ್ಯಮಂತ್ರಿಗಳಾದರು, ಕಾಗೋಡು ತಿಮ್ಮಪ್ಪ ಸಭಾಧ್ಯಕ್ಷರಾದರು. ಒಬ್ಬ ಶಾಸಕರ ಚುನಾವಣಾ ಲೆಕ್ಕವನ್ನು ಅವರ ಜೀವಮಾನಕ್ಕೇ ನಿಲ್ಲಿಸಿಬಿಟ್ಟರೆ ಇದು ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಶಿವಗಂಗೆಯ ಕೇಳುಗರು ಕೇಳಬಹುದು: ‘ಸರಿ ಸ್ವಾಮಿ, ಸದನದಲ್ಲಿ ಏನು ಮಾತಾಡಿದರು ಅಂತ ನಮಗೆ ಹೇಗೆ ಗೊತ್ತಾಗಬೇಕು? ನಾವು ದಾಬಸ್‌ಪೇಟೆ ದಾಟಿ ವಿಧಾನಸೌಧಕ್ಕೆ ಹೋಗಿ ಕೂರೋಕಾಗುತ್ತಾ?’ ಹೋಗಬೇಕಾಗಿಲ್ಲ. ಹಾದಿ ಹತ್ತಿರದಲ್ಲೇ ಇದೆ, ನಡೆಯುವವರು ಕಡಿಮೆ.

ಮೊದಲನೆಯದು ಉಮೇದುವಾರರು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ. ನಮೂನೆ 26 ಎನ್ನುತ್ತಾರೆ. ಸರ್ವೋಚ್ಚ ನ್ಯಾಯಾಲಯ 2002, 2003ರಲ್ಲಿ ಕೊಟ್ಟ ತೀರ್ಪುಗಳಿಂದ ಇದು ಕಡ್ಡಾಯವಾಯಿತು. ತಮ್ಮ ಹೆಸರಿನ ಆಸ್ತಿ, ಹೆಂಡತಿ ಅಥವಾ ಗಂಡನ ಆಸ್ತಿ, ಅವಲಂಬಿತರ ಆಸ್ತಿ, ಸಾಲ, ಓದು, ಬಾಕಿ ಇರುವ ಮೊಕದ್ದಮೆ ಎಲ್ಲವನ್ನೂ ಬರೆದು ಸಹಿ ಮಾಡಬೇಕು. ಒಂದು ಚುನಾವಣೆಯ ಪ್ರಮಾಣಪತ್ರ ಓದಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಅದೇ ವ್ಯಕ್ತಿಯ ಎರಡು, ಮೂರು ಚುನಾವಣೆಗಳ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಐದು ವರ್ಷದಲ್ಲಿ ಏನು ಬೆಳೆಯಿತು ಎಂಬುದು ಅಲ್ಲಿ ಅವರದೇ ಸಹಿಯ ಕೆಳಗೆ ಇರುತ್ತದೆ.

ಎರಡನೆಯದು ನಮೂನೆ 20. ಇದು ಬೂತ್‌ವಾರು ಫಲಿತಾಂಶ ಪಟ್ಟಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂದು ಸಾಲುಸಾಲಾಗಿ ಇರುತ್ತದೆ. ಕ್ಷೇತ್ರದ ಒಟ್ಟು ಅಂತರ ಸಾವಿರಗಳಲ್ಲಿ ಇದ್ದರೂ ನಮ್ಮ ಬೂತಿನಲ್ಲಿ ಅದು ಹತ್ತಿಪ್ಪತ್ತು ಮತ ಇರಬಹುದು, ಇಲ್ಲವೇ ಸೋತವರೇ ಮುಂದಿರಬಹುದು. ಪಕ್ಷದ ಏಜೆಂಟರು ಇದನ್ನು ಕಂಠಪಾಠ ಮಾಡಿರುತ್ತಾರೆ. ಯಾವ ಹಳ್ಳಿಗೆ ರಸ್ತೆ ಮೊದಲು, ಯಾವ ಹಳ್ಳಿಗೆ ಆಮೇಲೆ ಎಂದು ಯಾರಾದರೂ ತೀರ್ಮಾನಿಸುವಾಗ ಈ ಪಟ್ಟಿ ಕೈಯಲ್ಲಿ ಇರಬಹುದೆಂಬ ಅನುಮಾನ ಹಳ್ಳಿಯವರಿಗೆ ಇದ್ದೇ ಇದೆ. ಆ ಪಟ್ಟಿಯನ್ನು ಹಳ್ಳಿಯವರೂ ಓದಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ವಿಧಾನಸಭೆಯ ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಮಾತಿನ ಉತ್ತರ ಕೊಡಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಆ ಹಾಳೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ. ಎಡಗಡೆ ‘ಅ’, ‘ಆ’, ‘ಇ’ ಎಂದು ಪ್ರಶ್ನೆಗಳು: ಇಂಥ ತಾಲ್ಲೂಕಿನಲ್ಲಿ ಇಂಥ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಬಲಗಡೆ ಉತ್ತರ: ‘ಬಂದಿದೆ’. ಇಲ್ಲವೇ ‘ಪರಿಶೀಲನೆಯಲ್ಲಿದೆ’. ಇಲ್ಲವೇ ‘ಉದ್ಭವಿಸುವುದಿಲ್ಲ’. ಒಳ್ಳೆಯ ಪ್ರಶ್ನೆಯಾಗಿದ್ದರೆ ಅದರ ಹಿಂದೆ ಅನುಬಂಧ ಇರುತ್ತದೆ. ಗ್ರಾಮವಾರು, ಕಾಮಗಾರಿವಾರು, ಬಿಡುಗಡೆಯಾದ ಹಣ, ಖರ್ಚಾದ ಹಣ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾಯುತ್ತಾ ಕೂರಬೇಕಾದ ಎಷ್ಟೋ ಸಂಗತಿ ಒಬ್ಬ ಶಾಸಕರ ಒಂದು ಪ್ರಶ್ನೆಯಿಂದ ಹೊರಗೆ ಬರುತ್ತದೆ. ಸರ್ಕಾರ ಸದನಕ್ಕೆ ಕೊಟ್ಟ ಉತ್ತರವಾದ್ದರಿಂದ ಅದನ್ನು ಆಮೇಲೆ ಇಲ್ಲ ಎನ್ನಲು ಬರುವುದಿಲ್ಲ. ಇವು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ, ಕನ್ನಡದಲ್ಲೇ ಇರುತ್ತವೆ. ಪ್ರೌಢಶಾಲೆಯ ಮಗು ಕೂಡ ಮೊಬೈಲಿನಲ್ಲಿ ತೆಗೆದು ಮನೆಯವರಿಗೆ ಓದಿ ಹೇಳಬಹುದು.

ಶಿವಗಂಗೆ ಸುತ್ತಿನ ಹಳ್ಳಿಗಳಿಗೆ ಈಗ ಇಂಥ ಪ್ರಶ್ನೆಗಳು ಬೇಕಾಗಿರುವ ಕಾಲ. ತುಮಕೂರು ರಸ್ತೆ ಅಗಲವಾಯಿತು, ದಾಬಸ್‌ಪೇಟೆ, ಸೋಂಪುರದ ಕಡೆ ಕೈಗಾರಿಕಾ ಪ್ರದೇಶ ಬೆಳೆಯಿತು. ಜಮೀನು ಹೋದವರಿಗೆ ಪರಿಹಾರ ಸಿಕ್ಕಿತೇ, ಕಾರ್ಖಾನೆಯಲ್ಲಿ ಊರಿನ ಹುಡುಗ ಹುಡುಗಿಯರಿಗೆ ಕೆಲಸ ಎಷ್ಟು, ಕೊಳವೆ ಬಾವಿಯ ನೀರು ಪರೀಕ್ಷೆಯಾಗಿದೆಯೇ, ಬೆಟ್ಟಕ್ಕೆ ಬರುವ ಸಾವಿರಾರು ಜನಕ್ಕೆ ಶೌಚಾಲಯ, ಕುಡಿಯುವ ನೀರು, ಮೆಟ್ಟಿಲಿನ ಬದಿಯ ಕಂಬಿ ಹೇಗಿದೆ? ಇವನ್ನು ಶಾಸಕರ ಮನೆ ಮುಂದೆ ನಿಂತು ಕೇಳಿದರೆ ಸಿಗುವುದು ಭರವಸೆ. ಅವರ ಕೈಯಿಂದ ಸದನದಲ್ಲಿ ಕೇಳಿಸಿದರೆ ಸಿಗುವುದು ಸರ್ಕಾರದ ಸಹಿಯ ಉತ್ತರ.

ಹಣದ ಲೆಕ್ಕವನ್ನೂ ಒಮ್ಮೆ ನೋಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ ರೂಪಾಯಿ. ಸಮುದಾಯ ಭವನ, ಬಸ್ ತಂಗುದಾಣ, ಹೈಮಾಸ್ಟ್ ದೀಪ ಎಲ್ಲಕ್ಕೂ ನಾವು ಕೈ ಒಡ್ಡುವುದು ಇದಕ್ಕೇ. ಇದೇ ಶಾಸಕರು ಮಾರ್ಚ್ ತಿಂಗಳಲ್ಲಿ ರಾಜ್ಯದ ಆಯವ್ಯಯಕ್ಕೆ ಒಪ್ಪಿಗೆ ಕೊಡುತ್ತಾರೆ. 2025-26ರ ಆಯವ್ಯಯದ ಗಾತ್ರ ನಾಲ್ಕು ಲಕ್ಷದ ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದರ ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ ನಮ್ಮ ಶಾಸಕರು ಮಾತಾಡಿದರೇ, ಆ ದಿನ ಸದನದಲ್ಲಿ ಇದ್ದರೇ ಎಂದು ನಾವು ಕೇಳುವುದಿಲ್ಲ. ಎರಡು ಕೋಟಿಯ ಲೆಕ್ಕ ಬಿಡಬೇಡಿ, ಕೇಳಿ. ಆದರೆ ನಾಲ್ಕು ಲಕ್ಷ ಕೋಟಿಯ ಲೆಕ್ಕವನ್ನು ಮಾತ್ರ ಅವರ ಪಾಡಿಗೆ ಬಿಟ್ಟುಬಿಡಬೇಡಿ. ಶಾಸಕರು ಮದುವೆಗೆ ಬಂದರು, ಗೃಹಪ್ರವೇಶಕ್ಕೆ ಬಂದರು, ಸಾವಿನ ಮನೆಗೆ ಬಂದು ಮಾತಾಡಿಸಿದರು ಎಂದು ಸಂತೋಷಪಡುವುದು ಮನುಷ್ಯ ಸಹಜ, ಆ ಪ್ರೀತಿ ನನಗೂ ಅರ್ಥವಾಗುತ್ತದೆ. ಅಧಿವೇಶನ ನಡೆಯುವ ದಿನ ಅವರನ್ನು ಕಾರ್ಯಕ್ರಮಕ್ಕೆ ಕರೆಯದಿರುವುದು ನಾವು ಅವರಿಗೆ ಮಾಡಬಹುದಾದ ದೊಡ್ಡ ಉಪಕಾರ.

ಕೊನೆಯದಾಗಿ ಒಂದು ಮುಖ್ಯ ಸುದ್ದಿ. ಈಗಿನ ಕ್ಷೇತ್ರಗಳ ಗಡಿಯನ್ನು 2001ರ ಜನಗಣತಿಯ ಆಧಾರದ ಮೇಲೆ ಎಳೆದದ್ದು. ಆ ಜನಗಣತಿಯ ನಂತರ ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆ ಬೆಂಗಳೂರು ಎಷ್ಟು ಚಾಚಿಕೊಂಡಿದೆ ಎಂದು ನಾನು ಹೇಳಬೇಕಾಗಿಲ್ಲ. ಹೊಸ ಜನಗಣತಿಯ ಅಂಕಿಗಳು ಬಂದು ಕ್ಷೇತ್ರ ಮರುವಿಂಗಡಣೆ ನಡೆದಾಗ ಮತದಾರರ ಸಂಖ್ಯೆ, ಗಡಿ, ಮೀಸಲಾತಿ ಮೂರೂ ಮತ್ತೆ ತೂಕಕ್ಕೆ ಬರುತ್ತವೆ. ಸೋಂಪುರ ಹೋಬಳಿ ಎಲ್ಲಿ ಸೇರುತ್ತದೆ, ನೆಲಮಂಗಲ ಮೀಸಲಾಗಿಯೇ ಉಳಿಯುತ್ತದೆಯೇ ಎಂಬುದೆಲ್ಲ ಆಗ ತೀರ್ಮಾನವಾಗುತ್ತದೆ. ಹಿಂದಿನ ಸಲ ಮರುವಿಂಗಡಣಾ ಆಯೋಗ ಮೊದಲು ಕರಡನ್ನು ಪ್ರಕಟಿಸಿ, ಜನರಿಂದ ಆಕ್ಷೇಪಣೆ ಪಡೆದು, ಬಹಿರಂಗ ಸಭೆ ನಡೆಸಿ, ಆಮೇಲೆ ಅಂತಿಮಗೊಳಿಸಿತ್ತು. ಆಯೋಗದ ಜೊತೆ ರಾಜ್ಯದ ಕೆಲವು ಸಂಸದರು, ಶಾಸಕರು ಸಹ ಸದಸ್ಯರಾಗಿ ಕೂತಿದ್ದರು. ಆ ಕರಡು ಬಂದ ದಿನ ಸೋಂಪುರ ಹೋಬಳಿಯ ಗ್ರಾಮ ಪಂಚಾಯಿತಿಗಳು ಅದನ್ನು ತರಿಸಿಕೊಂಡು, ಗ್ರಾಮಸಭೆಯಲ್ಲಿ ಓದಿಸಿ, ಆಕ್ಷೇಪಣೆ ಇದ್ದರೆ ಗಡುವಿನೊಳಗೆ ಬರೆದು ಕಳಿಸಬೇಕು.